ಕವಲೊಡೆದ ಮೀಸೆ

ಬೆಟಗೇರಿ
20 ಜೂನ್ 1978

ಕಳಕಾ,

ಮುಂಡರಗಿ ಹೈಸ್ಕೂಲಿನ ವಿಜ್ಞಾನದ ಅಕ್ಕೋರಿಗೆ ಜೈಬುನ್ನೀಸಾಳ ಸಲಾಮು. ಗದಗಿನಲ್ಲಿ ಟ್ರೇನಿಂಗ್ ಓದುವಾಗ ಎರಡು ವರ್ಷ ಒಂದೇ ಕೋಣೆಯಲ್ಲಿ ನಿನ್ನ ಗೊರಕೆ ಕೇಳಿದವಳು ನಾನು. ನೀನು ನೌಕರಿ ಹಿಡಿದೆ, ನಾನು ನೂಲಿಗೆ ಬಣ್ಣ ಹಾಕುವವರ ಮನೆ ಸೇರಿದೆ. ಆದರೂ ಏನಾದರೂ ತಿಳಿಯದೆ ಹೋದರೆ ಮೊದಲು ನೆನಪಾಗುವುದು ನಿನ್ನ ಗಂಟುಮೋರೆಯೇ.

ಈ ಸಲದ ಪ್ರಶ್ನೆ ಮೀನಿನದು, ನಗಬೇಡ. ಇವರು ಬಣ್ಣದ ಪುಡಿ ತರಲು ಮುಂಬಯಿಗೆ ಹೋದವರು ಒಂದು ಗಾಜಿನ ತೊಟ್ಟಿ, ನಾಲ್ಕಾರು ಮೀನು ತಂದರು. ಸೀರೆ ವ್ಯಾಪಾರಿಗಳು ಬಂದರೆ ಪಡಸಾಲೆಯಲ್ಲಿ ಕುಳಿತು ನೋಡಲಿ ಎಂದು. ಚಂದದ ಮೀನುಗಳೆಲ್ಲ ಸತ್ತವು. ಉಳಿದದ್ದು ಒಂದೇ, ತಳದ ಮರಳು ಕೆದಕುತ್ತ ಬಿದ್ದಿರುವ ಬೆರಳುದ್ದದ ಬೂದು ಮೀನು. ಬಾಯಿಯ ಸುತ್ತ ಉದ್ದ ಮೀಸೆ ಇರುವುದರಿಂದ ಅತ್ತೆ ಅದನ್ನು ಚಾಚಾ ಎಂದು ಕರೆಯುತ್ತಾರೆ. ಈಗ ಚಾಚಾನ ಮೀಸೆ ತುದಿಯಿಂದ ಸವೆದು ಉದುರುತ್ತಿದೆ. ಮೀಸೆಯಿಲ್ಲದೆ ಅದಕ್ಕೆ ಅನ್ನ ಎಲ್ಲಿದೆ ಎಂಬುದೂ ಗೊತ್ತಾಗುವುದಿಲ್ಲ, ಪಾಪ. ಏನು ಮಾಡಲಿ?

ಇನ್ನೊಂದು ಸುದ್ದಿ. ನನಗೆ ಮತ್ತೆ ಮೂರು ತಿಂಗಳು. ಹಿಂದಿನ ಎರಡೂ ನಿಲ್ಲಲಿಲ್ಲ ಎಂಬುದು ನಿನಗೆ ಗೊತ್ತಿದೆ. ಈ ಸಲ ಅತ್ತೆ ರಮಜಾನಬಿ ನನ್ನನ್ನು ಕೆಳಗೆ ಕಾಲಿಡಗೊಡುವುದಿಲ್ಲ. ಎಲ್ಲರಿಗೂ ನಳದ ನೀರು, ನನಗೆ ಮಾತ್ರ ಹಿತ್ತಲ ಬಾವಿಯ ನೀರು, ಅದೂ ಅವರೇ ಸೇದಿ ತಂದದ್ದು. ನಳದ ನೀರು ಬಸುರಿಗೆ ಉಷ್ಣವಂತೆ. "ಇದ ನೀರು ಕುಡದು ಆರು ಮಂದೀನ ಹಡದೇನಿ ಬೇಟಾ" ಎಂದು ತಂಬಿಗೆ ಖಾಲಿಯಾಗುವವರೆಗೆ ಮುಂದೆಯೇ ನಿಲ್ಲುತ್ತಾರೆ. ನೀರು ಸ್ವಲ್ಪ ಒಗರು, ಆದರೆ ಅಷ್ಟು ಪ್ರೀತಿಯಿಂದ ಕೊಟ್ಟರೆ ಹೇಗೆ ಬೇಡವೆನ್ನಲಿ? ಈ ಕೂಸೊಂದು ನಿಂತರೆ ಸಾಕು ಕಳಕಾ. ನನಗೆ ಬೇರೆ ಯಾವ ಆಸೆಯೂ ಇಲ್ಲ.

ನಿನ್ನ
ಜೈಬು


ಮುಂಡರಗಿ
2 ಜುಲೈ 1978

ಜೈಬೂ,

ಗೊರಕೆ ನನ್ನದಲ್ಲ, ನಿನ್ನದು. ಆ ಮಾತು ಅಲ್ಲಿಗೆ ಬಿಡು.

ನಿನ್ನ ಚಾಚಾನ ರೋಗ ಸುಲಭದ್ದು. ಆ ಜಾತಿಯ ಮೀನಿಗೆ ಮೀಸೆಯೇ ಮೂಗು, ಮೀಸೆಯೇ ನಾಲಿಗೆ. ತಳದಲ್ಲಿ ಹೊಲಸು ಕೂತರೆ ಮೊದಲು ಮೀಸೆ ಕೊಳೆಯುತ್ತದೆ. ನೀರು ಚೊಕ್ಕಟವಾದರೆ ಅದು ಮತ್ತೆ ಬೆಳೆಯುತ್ತದೆ, ನಮ್ಮ ಉಗುರು ಬೆಳೆದ ಹಾಗೆ. ನೀವು ತೊಟ್ಟಿಯ ನೀರನ್ನು ತಿಂಗಳಾನುಗಟ್ಟಲೆ ಹಾಗೇ ಬಿಟ್ಟಿರುತ್ತೀರಿ, ನನಗೆ ಗೊತ್ತು. ಪ್ರತಿ ಶುಕ್ರವಾರ ಅರ್ಧ ನೀರು ಚೆಲ್ಲಿ ಹೊಸ ನೀರು ಹಾಕು. ಮರಳನ್ನೂ ತೊಳೆ. ಬೇರೆಯವರ ಕೈಗೆ ಕೊಡಬೇಡ, ನೀನೇ ಮಾಡು. ದೀಪಾವಳಿಯ ಹೊತ್ತಿಗೆ ಮೀಸೆ ತಿರುವುವಂತಾಗದಿದ್ದರೆ ನನ್ನ ಹೆಸರು ಬದಲಿಸು.

ನಿನ್ನ ಸುದ್ದಿ ಓದಿ ಸಂತೋಷವಾಯಿತು. ಭಾರ ಎತ್ತಬೇಡ.

ಕಳಕವ್ವ


ಬೆಟಗೇರಿ
25 ಆಗಸ್ಟ್ 1978

ಕಳಕಾ,

ನೀನು ಹೇಳಿದಂತೆ ಪ್ರತಿ ಶುಕ್ರವಾರ ಬಾವಿಯಿಂದ ತಾಜಾ ನೀರು ಸೇದಿ ಹಾಕುತ್ತಿದ್ದೇನೆ. ಮರಳನ್ನು ಅಕ್ಕಿ ತೊಳೆದ ಹಾಗೆ ತೊಳೆಯುತ್ತಿದ್ದೇನೆ. ಚಾಚಾನ ಸ್ಥಿತಿ ಇನ್ನೂ ಕೆಟ್ಟಿದೆ. ಈಗ ಬಾಯಿಯ ಸುತ್ತ ಮೊಂಡು ಮೊಟಕುಗಳಷ್ಟೇ ಉಳಿದಿವೆ. ನೀರು ಬದಲಿಸಿದ ದಿನ ಗಾಜಿಗೆ ಮುಖ ಉಜ್ಜಿಕೊಂಡು ಒದ್ದಾಡುತ್ತದೆ.

ನಾನು ರಮಜಾನಿನ ರೋಜಾ ಹಿಡಿದಿದ್ದೇನೆ. ಗಂಟಲು ಒಣಗಿದೆ, ಹೆಚ್ಚು ಬರೆಯಲಾರೆ.

ಜೈಬು


ಮುಂಡರಗಿ
10 ಸೆಪ್ಟೆಂಬರ್ 1978

ಜೈಬೂ,

ತಡವಾಗಿ ಈದಿನ ಶುಭಾಶಯ. ಶೀರಖುರಮಾ ಇಲ್ಲಿಗೆ ಬರಲಿಲ್ಲ, ಲೆಕ್ಕ ಇಟ್ಟಿದ್ದೇನೆ.

ಮೀಸೆ ಇನ್ನೂ ಉದುರುತ್ತಿದೆ ಎಂದರೆ ನೀನು ಅರ್ಧ ನೀರು ಬದಲಿಸಿದರೆ ಸಾಲದು. ಪೂರ್ತಿ ಚೆಲ್ಲು, ವಾರಕ್ಕೆ ಎರಡು ಸಲ ಮಾಡು. ಹಳೆಯ ನೀರಿನ ಮೇಲೆ ಏನು ಅಷ್ಟು ಮಮಕಾರ? ಇಲ್ಲಿ ಶಾಲೆಗೆ ಇನ್ಸ್‌ಪೆಕ್ಷನ್ ಬಂದಿತ್ತು. ನಾನು ಮಾಡಿಸಿದ ಪ್ರಯೋಗ ನೋಡಿ ಸಾಹೇಬರು ತಲೆದೂಗಿದರು. ನೀನೊಬ್ಬಳೇ ನನ್ನ ಮಾತು ಸರಿಯಾಗಿ ಕೇಳದವಳು.

ಹೊಟ್ಟೆ ಎಷ್ಟು ಮುಂದೆ ಬಂದಿದೆ? ಕುಬುಸದ ಕಾರ್ಯಕ್ಕೆ ಕರೆಯದಿದ್ದರೆ ಜಗಳವೇ.

ಕಳಕವ್ವ


ಲಕ್ಷ್ಮೇಶ್ವರ
28 ಅಕ್ಟೋಬರ್ 1978

ಕಳಕಾ,

ನಾನು ತವರಿನಲ್ಲಿದ್ದೇನೆ. ಜುಲೈ ಕೊನೆಯಲ್ಲೇ ಕೂಸು ಹೋಯಿತು. ಬಸುರಿಯನ್ನು ನಮ್ಮ ಅತ್ತೆ ರೋಜಾ ಹಿಡಿಯಗೊಡುತ್ತಾರೆಯೇ? ರೋಜಾ ಹಿಡಿದಿದ್ದೇನೆ ಎಂದು ಬರೆದರೆ ನೀನು ತಿಳಿದುಕೊಳ್ಳುತ್ತಿ ಎಂದುಕೊಂಡಿದ್ದೆ. ಬಿಡಿಸಿ ಬರೆಯಲು ಕೈ ಬರಲಿಲ್ಲ. ನೀನು ಕುಬುಸದ ಮಾತು ಬರೆದೆ. ಆ ಕಾಗದವನ್ನು ಒಲೆಗೆ ಹಾಕಿದೆ, ಸಿಟ್ಟಿನಿಂದಲೇ ಹಾಕಿದೆ. ಈಗ ಸಿಟ್ಟಿಲ್ಲ.

ಈದು ಮುಗಿಸಿ, ನೀನು ಹೇಳಿದಂತೆ ಎರಡು ವಾರ ತೊಟ್ಟಿ ಪೂರ್ತಿ ಚೆಲ್ಲಿ ಇಲ್ಲಿಗೆ ಬಂದೆ. ಬರುವಾಗ ಮೀನು ಇಂದೋ ನಾಳೆಯೋ ಎನ್ನುವಂತಿತ್ತು. ಮೊನ್ನೆ ಇವರು ನೋಡಲು ಬಂದಿದ್ದರು. ನಾನು ಬಂದ ಮೇಲೆ ತೊಟ್ಟಿಯನ್ನು ಯಾರೂ ಮುಟ್ಟಿಲ್ಲ. ನೀರು ಹಸಿರುಗಟ್ಟಿದೆ. ಚಾಚಾನ ಮೀಸೆಗಳು ಮಾತ್ರ ಮತ್ತೆ ಬೆಳೆದಿವೆಯಂತೆ. ಮೊದಲಿನಂತೆ ನೆಟ್ಟಗಲ್ಲ, ಒಂದೊಂದೂ ತುದಿಯಲ್ಲಿ ಎರಡಾಗಿ ಕವಲೊಡೆದಿದೆಯಂತೆ. ಅತ್ತೆ ಓಣಿಯವರನ್ನೆಲ್ಲ ಕರೆದು ಇದು ಬರಕತ್ತು, ದೇವರ ಕೃಪೆ ಎಂದು ತೋರಿಸುತ್ತಿದ್ದಾರಂತೆ. ಕೊನೆಗೆ ಇವರು ಬೇರೆ ಕಡೆ ನೋಡುತ್ತ ಅತ್ತೆಯ ಮಾತನ್ನು ಹೇಳಿದರು: "ಆಕಿ ಕೈ ಹಚ್ಚಿದ್ದು ಬಾಡತೈತಿ. ಆಕಿ ಹೋದಳು, ಮೀನ ಚಿಗೀತು."

ಇದು ಮೂಢನಂಬಿಕೆ ಎಂದು ಪಾಠ ಮಾಡಬೇಡ. ನನಗೂ ಗೊತ್ತು. ಆದರೂ ಮಗ್ಗಲಿನ ಮನೆಯ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದವಳು ನಿನ್ನೆ ಹಿಂದೆಗೆದೆ.

ಜೈಬು


ಮುಂಡರಗಿ
6 ನವೆಂಬರ್ 1978

ಜೈಬೂ,

ನಿನ್ನ ಕಾಗದವನ್ನು ಶಾಲೆಯಲ್ಲೇ ಓದಿದೆ. ಮುಂದಿನ ಪಿರಿಯಡ್ಡಿಗೆ ಹೋಗಲಾಗಲಿಲ್ಲ.

ನಿನ್ನ ಕೈಯಲ್ಲಿ ಏನೂ ಇಲ್ಲ. ಇದು ಸಮಾಧಾನದ ಮಾತಲ್ಲ. ಹೊಸ ನೀರು ಹಾಕಿದಾಗಲೆಲ್ಲ ಮೀಸೆ ಉದುರಿದೆ, ಹಳೆಯ ನೀರನ್ನು ಹಾಗೇ ಬಿಟ್ಟಾಗ ಬೆಳೆದಿದೆ. ನಾನು ಓದಿದ್ದಕ್ಕೆ ಇದು ತಿರುವುಮುರುವು. ಗಾಯದ ಮೇಲೆ ಬೆಳೆದ ಮೀಸೆ ಕೆಲವು ಸಲ ಹೀಗೆ ಕವಲಾಗುತ್ತದೆ. ಅದು ಬರಕತ್ತಲ್ಲ, ಪೆಟ್ಟು ತಿಂದ ಗುರುತು.

ಹಾಗಾದರೆ ಆ ಹೊಸ ನೀರಿನಲ್ಲಿ ಏನಿದೆ? ಬಾವಿಯ ಹತ್ತಿರ ಏನೇನಿದೆ, ಬರೆ. ನಿನ್ನನ್ನು ಬಿಟ್ಟು ಆ ನೀರನ್ನು ಇನ್ನು ಯಾರು ಕುಡಿಯುತ್ತಾರೆ? ಅಲ್ಲಿಗೆ ಹೋದ ಮೇಲೆ ಒಂದು ಬಾಟಲಿ ನೀರು ಕಳಿಸು. ಈ ಸಲ ಮರೆಮಾಚಬೇಡ.

ಕಳಕವ್ವ


ಬೆಟಗೇರಿ
14 ಫೆಬ್ರವರಿ 1979

ಕಳಕಾ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ನಿನ್ನ ಪ್ರಶ್ನೆಗಳಿಗೆ ಹೆದರಿದೆ.

ಇಲ್ಲಿಗೆ ಬಂದವಳೇ ಒಂದು ಹುಚ್ಚು ಕೆಲಸ ಮಾಡಿದೆ. ನನ್ನ ಕೈ ಕೆಟ್ಟದ್ದಲ್ಲ ಎಂದು ತೋರಿಸಬೇಕಿತ್ತು. ಎಲ್ಲರ ಎದುರಿಗೆ ಬಿಸ್ಮಿಲ್ಲಾ ಹೇಳಿ ತೊಟ್ಟಿಯ ನೀರು ಬದಲಿಸಿದೆ. ವಾರದೊಳಗೆ ಕವಲು ಮೀಸೆಗಳೆಲ್ಲ ಬೆಳ್ಳಗಾಗಿ ಉದುರಿದವು. ಅತ್ತೆ ಬೈಯಲಿಲ್ಲ. ತೊಟ್ಟಿಯ ಮೇಲೆ ಬಟ್ಟೆ ಮುಚ್ಚಿ, ಇನ್ನು ನೀನು ಮುಟ್ಟಬೇಡ ಎಂದು ಮೆತ್ತಗೆ ಹೇಳಿದರು. ಈಗ ಹಿಟ್ಟು ನಾದುವುದಕ್ಕೂ ಕರೆಯುವುದಿಲ್ಲ. ಶಿರಹಟ್ಟಿಯಿಂದ ಯಾರೋ ಬಂದು ಇವರೊಂದಿಗೆ ಬಾಗಿಲು ಮುಚ್ಚಿ ಮಾತಾಡಿ ಹೋದರು. ಎರಡನೇ ನಿಕಾಹದ ಮಾತೆಂದು ಓಣಿಯವರು ನನಗೆ ಹೇಳಿದರು.

ನೀನು ಕೇಳಿದ್ದಕ್ಕೆ ಉತ್ತರ. ಬಾವಿಯ ಆಚೆ ಮಗ್ಗಲು, ನಾಲ್ಕು ಮಾರು ದೂರದಲ್ಲಿ, ನೂಲಿಗೆ ಬಣ್ಣ ಹಾಕಿ ಉಳಿದ ನೀರು ಚೆಲ್ಲುವ ಗುಂಡಿ ಇದೆ. ನನ್ನ ಮದುವೆಯ ವರ್ಷವೇ ಅಗೆಸಿದ್ದು. ಆ ವರ್ಷ ಕೆಲಸ ಜೋರಾಯಿತು, ನನ್ನ ಕಾಲ್ಗುಣ ಎಂದಿದ್ದರು. ಬಾವಿಯ ನೀರು ಬಟ್ಟೆಗೆ, ಪಾತ್ರೆಗೆ. ಕುಡಿಯುವುದು ನಾನು, ಅದೂ ಬಸುರಾಗಿ ದಿನ ನಿಂತಾಗ ಮಾತ್ರ. ಮತ್ತೆ ಮೀನು.

ಈಗ ಮತ್ತೆ ಎರಡು ತಿಂಗಳು. ಅತ್ತೆ ಬೆಳಿಗ್ಗೆಯಿಂದ ತಂಬಿಗೆ ಹಿಡಿದು ಓಡಾಡುತ್ತಿದ್ದಾರೆ. ಕೈ ಕೆಟ್ಟವಳಾದರೂ ಬಸುರಿಯಲ್ಲವೇ? ಈ ಕೂಸು ನಿಂತರೆ ನಿಕಾಹದ ಮಾತು ತಾನೇ ನಿಲ್ಲುತ್ತದೆ. ನೀರಿನ ಬಾಟಲಿಯನ್ನು ಕಂಡಕ್ಟರ್ ಅಬ್ದುಲಗನಿಯ ಕೈಯಲ್ಲಿ ಕೊಟ್ಟಿದ್ದೇನೆ. ಜಲ್ದಿ ಬರೆ.

ಜೈಬು


ಮುಂಡರಗಿ
3 ಮಾರ್ಚ್ 1979

ಜೈಬೂ,

ಕೂತು ಓದು, ಒಬ್ಬಳೇ ಓದು.

ಹಿರೇವಡ್ಡಟ್ಟಿಯ ಹಳ್ಳದಿಂದ ಇಂಥದೇ ಸಣ್ಣ ಮೀಸೆಯ ಮೀನುಗಳನ್ನು ತರಿಸಿ ಎರಡು ಬರಣಿಯಲ್ಲಿ ಬಿಟ್ಟೆ. ಒಂದಕ್ಕೆ ಇಲ್ಲಿಯ ನೀರು, ಒಂದಕ್ಕೆ ನಿನ್ನ ಬಾವಿಯ ನೀರು. ಇಲ್ಲಿಯ ನೀರಿನವು ಚೆನ್ನಾಗಿವೆ. ನಿನ್ನ ನೀರಿನವಕ್ಕೆ ಮೊದಲು ಮೀಸೆಯ ತುದಿ ಬೆಳ್ಳಗಾಯಿತು, ಆಮೇಲೆ ಉದುರಿತು. ಒಂದು ಸತ್ತಿದೆ. ಮರಳು ಹಾಕಿ ಅದೇ ನೀರನ್ನು ಕೆಲವು ದಿನ ಬಿಸಿಲಿಗಿಟ್ಟು ನೋಡಿದೆ, ಅದರಲ್ಲಿ ಬಿಟ್ಟ ಮೀನಿಗೆ ಅಷ್ಟು ತೊಂದರೆಯಿಲ್ಲ. ಅದಕ್ಕೇ ನಿಮ್ಮ ಹಳೆಯ ನೀರಿನಲ್ಲಿ ಚಾಚಾ ಚೇತರಿಸಿಕೊಂಡಿದ್ದು. ಮೊದಲ ಸಲ ಮೀಸೆ ಉದುರಿದ್ದೂ ತೊಟ್ಟಿಗೆ ಹೊಸದಾಗಿ ಬಾವಿಯ ನೀರು ತುಂಬಿದಾಗಲೇ ಇರಬೇಕು. ಗುಂಡಿಯ ನೀರು ಬಾವಿಗೆ ಇಳಿಯುತ್ತಿದೆ.

ನಿನ್ನ ಮೂರು ಕೂಸುಗಳಿಗೂ ಇದೇ ಕಾರಣ ಎಂದು ನಾನು ಹೇಳಲಾರೆ. ನಾನು ಡಾಕ್ಟರಲ್ಲ, ಮೀನು ಮನುಷ್ಯನಲ್ಲ. ಆದರೆ ಆ ನೀರನ್ನು ಇನ್ನು ಒಂದು ಗುಟುಕೂ ಕುಡಿಯಬೇಡ. ಅಲ್ಲಿದ್ದರೆ ಕುಡಿಯದೆ ಇರಲು ಬಿಡುವುದಿಲ್ಲ. ಲಕ್ಷ್ಮೇಶ್ವರಕ್ಕೆ ಹೋಗು. ನನಗೆ ಹೆದರಿಕೆಯಾಗಿದೆ ಜೈಬು.

ಕಳಕಾ


ಲಕ್ಷ್ಮೇಶ್ವರ
15 ಮಾರ್ಚ್ 1979

ಕಳಕಾ,

ಬಂದುಬಿಟ್ಟೆ. ನಿನ್ನ ಕಾಗದವನ್ನು ಇವರಿಗೆ ತೋರಿಸಿದೆ. ಗುಂಡಿ ಮುಚ್ಚಿಸುತ್ತಾರೆ, ಅತ್ತೆಗೆ ಬುದ್ಧಿ ಹೇಳುತ್ತಾರೆ ಎಂದುಕೊಂಡೆ. ಎರಡು ಸಲ ಓದಿದರು, ಮಡಚಿ ಜೇಬಿಗೆ ಹಾಕಿದರು. ಆಮೇಲೆ ಒಂದೇ ಮಾತು ಕೇಳಿದರು: "ಆ ಅಕ್ಕೋರು ಇದನ್ನ ಮತ್ತ್ಯಾರಿಗೆ ಬರದಾರ?"

ಆ ಮಾತಿಗೆ ನಾನು ಹೆದರಿದೆ. ನಿನ್ನ ಕಾಗದ ಓದಿದಾಗಲೂ ಹಾಗೆ ಆಗಿರಲಿಲ್ಲ.

ಮರುದಿನ ಅತ್ತೆ ತಂದ ತಂಬಿಗೆಯನ್ನು ಮುಟ್ಟಲಿಲ್ಲ. ಕಾರಣ ಹೇಳಿದೆ. ಅವರು ಅಳತೊಡಗಿದರು. ತಾನು ವಿಷ ಕೊಟ್ಟೆ ಎಂದು ಸೊಸೆ ಹೇಳಿದಳೆಂದು ಓಣಿಗೆಲ್ಲ ಕೇಳುವಂತೆ ಅತ್ತರು. ಇವರಿಗೆ ನಿಜ ಗೊತ್ತಿತ್ತು, ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ನಮ್ಮವ್ವನ ಕೈನೀರು ಬೇಡವೆಂದು ಹೊಸ್ತಿಲು ದಾಟಿದರೆ ಮತ್ತೆ ಬರಬೇಡ ಎಂದರು. ನಾನು ದಾಟಿದೆ.

ಜೈಬು


ಲಕ್ಷ್ಮೇಶ್ವರ
9 ನವೆಂಬರ್ 1979

ಕಳಕಾ,

ನೀನು ಎರಡು ಸಲ ಬಂದು ನೋಡಿ ಹೋದ ಮೇಲೆ ಮಗಳು ಇನ್ನೂ ದುಂಡಗಾಗಿದ್ದಾಳೆ. ಎರಡು ತಿಂಗಳಿಗೇ ಓಣಿಯನ್ನೆಲ್ಲ ಎಬ್ಬಿಸುವ ಗಂಟಲು. ನಾನೀಗ ಅವಳನ್ನು ಧೈರ್ಯವಾಗಿ ಮುಟ್ಟುತ್ತೇನೆ, ಎತ್ತುತ್ತೇನೆ, ಎಣ್ಣೆ ತಿಕ್ಕುತ್ತೇನೆ. ಅವಳಪ್ಪ ನೋಡಲು ಬಂದಿಲ್ಲ, ಅಂಗಿಯ ಬಟ್ಟೆ ಕಳಿಸಿದ್ದಾರೆ. ನಾನು ಬೇರೆ ಕಡೆ ಹೆತ್ತೆನಲ್ಲ, ಅದರಿಂದ ಅತ್ತೆಯ ಮಾತು ಇನ್ನೂ ಗಟ್ಟಿಯಾಗಿದೆ. "ಆಕಿಗೂ ಈ ಮನಿಗೂ ಕೂಡಂಗಿಲ್ಲ, ಈಗರೆ ಖರೆ ಅನಿಸ್ತಿಲ್ಲೊ?" ಎಂದರಂತೆ.

ಇವರು ಜೂನಿನಲ್ಲೇ ನಿಕಾಹ ಮಾಡಿಕೊಂಡರು. ನಿನಗೆ ಗೊತ್ತಿದ್ದರೂ ನನ್ನೆದುರು ಆಡಲಿಲ್ಲ, ನಾನೂ ತೆಗೆಯಲಿಲ್ಲ. ಹುಡುಗಿ ಶಿರಹಟ್ಟಿಯವಳು, ಅಮೀನಬಿ ಅಂತ. ತಂದೆತಾಯಿ ಇಲ್ಲ, ಕಾಕಾನ ಮನೆಯಲ್ಲಿ ಮುಸುರೆ ತಿಕ್ಕಿ ಬೆಳೆದವಳು. ಮೊದಮೊದಲು ಅವಳ ಹೆಸರು ಕೇಳಿದರೆ ಎದ್ದು ಹೋಗುತ್ತಿದ್ದೆ. ನಿನ್ನೆ ಅಬ್ದುಲಗನಿ ಹೇಳಿ ಹೋದ, ಅವಳಿಗೆ ಮೂರು ತಿಂಗಳಂತೆ. ಅತ್ತೆ ದಿನಾ ಬಾವಿಯ ನೀರು ಸೇದಿ ಕುಡಿಸುತ್ತಿದ್ದಾರಂತೆ.

ಈಗ ನನ್ನ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ ತಿಳಿಯದು. ರಾತ್ರಿಯೆಲ್ಲ ಆ ತಂಬಿಗೆಯೇ ಕಣ್ಣ ಮುಂದೆ ಬರುತ್ತದೆ. ಆ ಮನೆಗೆ ನೀನೇ ಬರೆಯಬಾರದೇ?

ಜೈಬು


ಮುಂಡರಗಿ
20 ನವೆಂಬರ್ 1979

ಜೈಬೂ,

ನಿಕಾಹದ ಸುದ್ದಿ ಕೇಳಿದಾಗಲೇ ನಿನಗೆ ಹೇಳದೆ ನಿನ್ನ ಗಂಡ ಮಾಶಾಕನಿಗೆ ರಿಜಿಸ್ಟರ್ ಕಾಗದ ಬರೆದಿದ್ದೆ. ಅವನು ತೆಗೆದುಕೊಳ್ಳಲು ಒಪ್ಪದ್ದರಿಂದ ತಿರುಗಿ ಬಂತು. ನಿನ್ನ ಕಾಗದ ಬಂದ ಮೇಲೆ ಇನ್ನೊಂದು ಬರೆದೆ, ಅದೂ ತಿರುಗಿ ಬಂತು. ಆ ಹುಡುಗಿಗೆ ಓದು ಬರುವುದಿಲ್ಲ ಎಂದು ಕೇಳಿದೆ. ಅವಳ ಹೆಸರಿಗೆ ಬರೆದರೂ ಓದುವವನು ಅವನೇ.

ನಾನು ಹೋದರೆ ಯಾವುದೋ ಊರ ಅಕ್ಕೋರು ಜಗಳ ತಂದರು ಎಂದು ಬಾಗಿಲು ಹಾಕುತ್ತಾರೆ. ನೀನು ಹೋದರೆ ಸವತಿ ಬಂದಳು ಎನ್ನುತ್ತಾರೆ. ಆದರೂ ಆ ನೀರು ಕುಡಿದವಳು ನೀನು, ನಿನ್ನ ಮಾತನ್ನು ಅವಳು ಕೇಳಬಹುದು. ಹೋಗು ಎಂದು ಹೇಳಲು ನನಗೆ ಬಾಯಿಲ್ಲ. ಹೋಗುವುದಾದರೆ ಕೂಸನ್ನು ಕರೆದುಕೊಂಡು ಹೋಗು, ನೋಡಿಯಾದರೂ ನಂಬಲಿ.

ಕಳಕಾ


ಲಕ್ಷ್ಮೇಶ್ವರ
2 ಡಿಸೆಂಬರ್ 1979

ಕಳಕಾ,

ಹೋಗಿ ಬಂದೆ.

ಇವರು ಊರಲ್ಲಿರಲಿಲ್ಲ. ಅತ್ತೆ ಬಾಗಿಲಲ್ಲಿ ನನ್ನನ್ನು ನೋಡಿ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮೊಮ್ಮಗಳನ್ನು ನೋಡಿ ಅವರ ಕಣ್ಣು ತುಂಬಿತು. ಎತ್ತಿಕೊಳ್ಳಲು ಮಾತ್ರ ಮುಂದೆ ಬರಲಿಲ್ಲ. ಪಡಸಾಲೆಯಲ್ಲಿ ತೊಟ್ಟಿ ಇದೆ. ನೀರು ಬತ್ತಿದಷ್ಟು ನಳದ ನೀರನ್ನು ಅತ್ತೆಯೇ ಹಾಕುತ್ತಾರಂತೆ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಚಾಚಾನ ಮೀಸೆ ಮತ್ತೆ ಬೆಳೆದು ಪೊದೆಯಾಗಿದೆ, ಒಂದೊಂದಕ್ಕೂ ಎರಡು ಮೂರು ಕವಲು. ಆ ಹುಡುಗಿ ಬಂದ ಮೇಲೆ ಬಂದ ಬರಕತ್ತು ಎಂದು ನೆರೆಯವರು ನನ್ನೆದುರೇ ಹೇಳಿದರು.

ಅಮೀನಬಿ ಹಿತ್ತಲಲ್ಲಿದ್ದಳು. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ನನ್ನನ್ನು ಕಂಡು ತಲೆಯ ಮೇಲೆ ಸೆರಗು ಹೊದ್ದು ಮಣೆ ಹಾಕಿದಳು. ನಾನು ಸುತ್ತಿ ಬಳಸದೆ ಎಲ್ಲ ಹೇಳಿದೆ. ನನ್ನ ಮೂರು ಕೂಸು, ನಿನ್ನ ಬರಣಿ, ಗುಂಡಿ. ಗುಂಡಿ ತೋರಿಸಲು ತಿರುಗಿದರೆ ಅದರ ಮೇಲೆ ಹಾಸುಗಲ್ಲು ಹಾಕಿಸಿದ್ದಾರೆ, ಕಲ್ಲಿನ ಮೇಲೆ ಕೆಂಪು ನೂಲು ಒಣಗುತ್ತಿದೆ. ಬಣ್ಣದ ಮನೆಯಿಂದ ಬಂದ ಕೊಳವೆ ಕಲ್ಲಿನ ಕೆಳಗೇ ಹೋಗುತ್ತದೆ. ನಾನು ಹೇಳುತ್ತಿದ್ದಷ್ಟು ಹೊತ್ತೂ ಅವಳು ನನ್ನ ಮಗಳ ಅಂಗೈಯನ್ನು ಬಿಡಿಸಿ ಮುಚ್ಚಿ ಮಾಡುತ್ತಿದ್ದಳು. ನಂಬಿದಳೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ.

ಅಷ್ಟರಲ್ಲಿ ಅತ್ತೆ ತಂಬಿಗೆ ತಂದು ಅವಳ ಕೈಗೆ ಕೊಟ್ಟು, ಎಂದಿನಂತೆ ಮುಂದೆಯೇ ನಿಂತರು. ನಾನು ಅವಳ ಕೈ ಹಿಡಿದೆ. ಕುಡಿಯಬೇಡ, ಬೇಕಾದರೆ ನನ್ನೊಂದಿಗೆ ಈಗಲೇ ಬಾ ಎಂದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು. ಸಿಟ್ಟಿರಲಿಲ್ಲ ಕಳಕಾ, ಅನುಮಾನವೂ ಇರಲಿಲ್ಲ. ಅವಳಿಗೆ ನನ್ನ ಮಾತು ಪೂರ್ತಿ ತಿಳಿದಿತ್ತು.

"ನೀವು ಕುಡದು ಕೂಸು ಕಳಕೊಂಡ್ರಿ ಆಪಾ, ಬಿಟ್ಟು ಮನಿ ಕಳಕೊಂಡ್ರಿ" ಎಂದಳು. "ನಿಮಗ ಹೋಗಾಕ ಲಕ್ಷ್ಮೇಶ್ವರ ಇತ್ತು. ನನಗ ಎಲ್ಲೈತಿ?"

ಹಾಗೆಂದು ನನ್ನ ಮುಖವನ್ನೇ ನೋಡುತ್ತ ತಂಬಿಗೆ ಎತ್ತಿ ಪೂರ್ತಿ ಕುಡಿದಳು. ಅತ್ತೆ ಅವಳ ತಲೆ ಸವರಿದರು. ನಾನು ಮಗಳನ್ನು ಎತ್ತಿಕೊಂಡು ಹೊರಬಿದ್ದೆ. ಓಣಿ ದಾಟುವವರೆಗೂ ಬಾವಿಯ ಗಡಗಡಿಯ ಸದ್ದು ಕೇಳುತ್ತಿತ್ತು, ಅತ್ತೆ ಅವಳಿಗೆ ಇನ್ನೊಂದು ಕೊಡ ಸೇದುತ್ತಿದ್ದರು.

ಜೈಬು